ಮನೆಯಲ್ಲೇ ಕಬ್ಬಿಣ ಕತ್ತರಿಸುವುದು: 4 ಇಂಚಿನ ಆಂಗಲ್ ಗ್ರೈಂಡರ್ ಬಳಸುವ ಕ್ರಮ

ಹೂಕುಂಡದ ಸ್ಟ್ಯಾಂಡ್, ಇನ್ವರ್ಟರ್ ಬ್ಯಾಟರಿ ಇಡುವ ಚೌಕಟ್ಟು, ಹಿತ್ತಿಲ ಗೇಟಿಗೊಂದು ಅಡ್ಡಪಟ್ಟಿ. ಇಂಥ ಸಣ್ಣ ಕೆಲಸಕ್ಕೆ ಕಬ್ಬಿಣ ಕತ್ತರಿಸಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ಮೆಷೀನು ತಗೊಳ್ಳಲಿ? ಕಟಿಂಗ್ ವೀಲ್ ಪದೇ ಪದೇ ಒಡೆಯುತ್ತದಲ್ಲ, ಯಾಕೆ? ಕತ್ತರಿಸುವಾಗ ಮೆಷೀನು ಕೈಯಿಂದ ಜಿಗಿಯುತ್ತದಲ್ಲ, ಏನು ಮಾಡೋದು?

ಮೊದಲ ಪ್ರಶ್ನೆಗೆ ಉತ್ತರ ಸುಲಭ: 4 ಇಂಚಿನ ಆಂಗಲ್ ಗ್ರೈಂಡರ್, ಅಂದರೆ ತೆಳು ವೀಲನ್ನು ವೇಗವಾಗಿ ತಿರುಗಿಸಿ ಕತ್ತರಿಸುವ ಕೈಮೆಷೀನು. ಉಳಿದ ಎರಡಕ್ಕೆ ಜನ ಸಾಮಾನ್ಯವಾಗಿ ಮೆಷೀನನ್ನೋ ವೀಲಿನ ಕಂಪನಿಯನ್ನೋ ದೂರುತ್ತಾರೆ. ಆದರೆ ಕಾರಣ ಬಹಳಷ್ಟು ಸಲ ಬೇರೆ ಕಡೆ ಇರುತ್ತದೆ. ಪೈಪನ್ನು ನೀವು ಹೇಗೆ ಬಿಗಿದಿದ್ದೀರಿ, ತುಂಡಾಗುವ ಭಾಗ ಯಾವ ಕಡೆ ಬೀಳುತ್ತದೆ ಎನ್ನುವುದರಲ್ಲಿ. ಸ್ವಿಚ್ ಹಾಕುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರಬೇಕು.

ಇಲ್ಲಿ ಉದಾಹರಣೆಗೆ 1 ಇಂಚಿನ ಚೌಕ ಪೈಪು ಇಟ್ಟುಕೊಂಡಿದ್ದೇನೆ. 16 ಗೇಜ್, ಅಂದರೆ ಗೋಡೆಯ ದಪ್ಪ ಸುಮಾರು 1.6 ಮಿ.ಮೀ. ಮನೆ ಕೆಲಸಕ್ಕೆ ಜಾಸ್ತಿ ಬಳಕೆಯಾಗುವುದು ಇದೇ. ಎಲ್ ಆಕಾರದ ಆಂಗಲ್, ಪಟ್ಟಿ, ಸರಳುಗಳಿಗೂ ಇದೇ ಕ್ರಮ. ವ್ಯತ್ಯಾಸ ಇರುವಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ. ನಿಮಗೆ ಬೇಕಿರುವುದು ಎರಡೋ ಮೂರೋ ಕಡಿತ ಮಾತ್ರ ಆದರೆ ಗ್ರೈಂಡರ್ ಬೇಡ. ಹ್ಯಾಕ್ಸಾ, ಅಂದರೆ ಕಬ್ಬಿಣ ಕೊಯ್ಯುವ ಕೈಗರಗಸ ಸಾಕು. ತೆಳು ಪೈಪಿಗೆ ಇಂಚಿಗೆ 32 ಹಲ್ಲಿನ ಬ್ಲೇಡ್, ದಪ್ಪ ಪಟ್ಟಿಗೆ 18 ಅಥವಾ 24 ಹಲ್ಲಿನದು. ಹಲ್ಲಿನ ಮೊನೆ ಮುಂದಕ್ಕೆ ನೋಡುವಂತೆ ಹಾಕಿ, ಮುಂದೆ ತಳ್ಳುವಾಗ ಮಾತ್ರ ಒತ್ತಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕೆಲಸ ಮಾಡುವವರಿಗಂತೂ ಇದೇ ಸರಿ. ಗ್ರೈಂಡರಿನ ಕಿಡಿ ಕೆಳಗಿನ ಮನೆಯವರ ಬಟ್ಟೆ ಮೇಲೆ ಬೀಳುತ್ತದೆ.

ಏನೇನು ಬೇಕು

ಮನೆಗೆ 4 ಇಂಚಿನ, ಅಂದರೆ 100 ಮಿ.ಮೀ. ಮೆಷೀನು ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಎಜಿ4 ಎಂದರೂ ತೆಗೆದುಕೊಡುತ್ತಾರೆ. 650ರಿಂದ 850 ವ್ಯಾಟ್‌ನದು ಇರಲಿ. ಕೊಳ್ಳುವಾಗ ಸ್ವಿಚ್ ನೋಡಿ. ಒಮ್ಮೆ ಮುಂದೆ ತಳ್ಳಿದರೆ ಆನ್ ಆಗಿಯೇ ನಿಲ್ಲುವ ಸ್ಲೈಡ್ ಸ್ವಿಚ್ ಒಂದು ಬಗೆ. ಕೈ ಬಿಟ್ಟ ತಕ್ಷಣ ಆಫ್ ಆಗುವ ಪ್ಯಾಡಲ್ ಸ್ವಿಚ್ ಇನ್ನೊಂದು. ಹೊಸಬರು ಸ್ವಲ್ಪ ದುಡ್ಡು ಜಾಸ್ತಿಯಾದರೂ ಎರಡನೆಯದನ್ನೇ ತಗೊಳ್ಳಿ. ಈಗಾಗಲೇ ಸ್ಲೈಡ್ ಸ್ವಿಚ್ಚಿನದು ಇದ್ದರೆ ಒಂದು ನಿಯಮ ನೆನಪಿಡಿ: ಕೆಲಸದ ಮಧ್ಯೆ ಕರೆಂಟ್ ಹೋದರೆ ಮೊದಲು ಸ್ವಿಚ್ ಹಿಂದಕ್ಕೆಳೆದು ಪ್ಲಗ್ ಕೀಳಿ. ಹಾಗೇ ಬೆಂಚಿನ ಮೇಲಿಟ್ಟು ಹೋದರೆ, ಕರೆಂಟ್ ಬಂದ ಕೂಡಲೇ ಮೆಷೀನು ತಾನೇ ತಿರುಗಿ ಕೆಳಗೆ ಹಾರುತ್ತದೆ.

ಕಬ್ಬಿಣಕ್ಕೆ 1 ಮಿ.ಮೀ. ಅಥವಾ 1.2 ಮಿ.ಮೀ. ದಪ್ಪದ ಕಟಿಂಗ್ ವೀಲ್ ತನ್ನಿ. ಅದರ ಮೇಲೆ ಬರೆದಿರುವುದನ್ನು ಓದಿ ಕೊಳ್ಳಿ. 105 × 1 × 16 ಎಂದಿದ್ದರೆ ವ್ಯಾಸ, ದಪ್ಪ, ನಡುವಿನ ತೂತು, ಎಲ್ಲವೂ ಮಿ.ಮೀ.ನಲ್ಲಿ. ಪಕ್ಕದಲ್ಲಿ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ವೀಲ್ ತಡೆಯುತ್ತದೆ ಎಂದು ಬರೆದಿರುತ್ತದೆ. ಈ ಅಳತೆಯ ವೀಲಿಗೆ ಅದು ಸಾಮಾನ್ಯವಾಗಿ 15,000ದ ಆಸುಪಾಸು. ನಿಮ್ಮ ಮೆಷೀನಿನ ವೇಗ 11,000 ಅಥವಾ 12,000 ಇರುತ್ತದೆ. ವೀಲಿನ ಸಂಖ್ಯೆ ಮೆಷೀನಿನದಕ್ಕಿಂತ ಯಾವತ್ತೂ ಕಡಿಮೆ ಇರಬಾರದು. ಆ ವೇಗದಲ್ಲಿ ವೀಲಿನ ಅಂಚು ಗಂಟೆಗೆ 200 ಕಿ.ಮೀ. ಮೀರಿ ಓಡುತ್ತಿರುತ್ತದೆ. ಒಡೆದರೆ ಚೂರು ಹಾರುವುದೂ ಅದೇ ವೇಗದಲ್ಲಿ.

ವೀಲಿಗೆ ವಾಯಿದೆಯೂ ಇದೆ ಎಂದು ಹಲವರಿಗೆ ಗೊತ್ತಿಲ್ಲ. ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ವೀಲ್ ಅಂದರೆ ಉಜ್ಜುವ ಹರಳು, ನಾರಿನ ಬಲೆ, ಇವನ್ನು ಹಿಡಿದಿಡುವ ರಾಳ. ಈ ರಾಳ ತೇವ ಹೀರಿ ಕಾಲಕ್ರಮೇಣ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ತಯಾರಾದ ದಿನದಿಂದ ಸುಮಾರು 3 ವರ್ಷದ ಮಿತಿ ಹಾಕುತ್ತಾರೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಶೆಡ್ಡಿನ ಗೋಡೆಗೆ ನೇತುಹಾಕಿದ ಹಳೇ ವೀಲನ್ನು ನಂಬಬೇಡಿ. ಕೆಳಗೆ ಬಿದ್ದದ್ದು, ಅಂಚು ಚಕ್ಕೆ ಎದ್ದದ್ದು, ಬಾಗಿದ್ದು ಇವೆಲ್ಲ ಕಸಕ್ಕೆ. ವೀಲ್ ಅಗ್ಗ, ಅದರಲ್ಲಿ ಉಳಿತಾಯ ಬೇಡ.

ಸ್ಟೇನ್‌ಲೆಸ್ ಸ್ಟೀಲಿಗೆ ಐನಾಕ್ಸ್ ಎಂದು ಬರೆದಿರುವ ವೀಲ್ ಬೇಕು. ಅಲ್ಯೂಮಿನಿಯಂಗೆ ಕಬ್ಬಿಣದ ವೀಲ್ ಹಾಕಬೇಡಿ, ಮೆದು ಲೋಹ ವೀಲಿನ ಅಂಚಿಗೆ ಮೆತ್ತಿಕೊಂಡು ಅದು ಕತ್ತರಿಸುವುದನ್ನೇ ಬಿಡುತ್ತದೆ. ಅದಕ್ಕೆಂದೇ ಬೇರೆ ವೀಲ್ ಸಿಗುತ್ತದೆ.

ಇನ್ನು ಮೈಗೆ. ಕಣ್ಣಿಗೆ ಪಕ್ಕದಿಂದಲೂ ಮುಚ್ಚುವ ಕನ್ನಡಕ, ಅದರ ಮೇಲೆ ಮುಖ ಮುಚ್ಚುವ ಪಾರದರ್ಶಕ ಶೀಲ್ಡ್. ಎರಡೂ ಬೇಕು. ಓದುವ ಕನ್ನಡಕ ಲೆಕ್ಕಕ್ಕಿಲ್ಲ, ತಂಪು ಕನ್ನಡಕವಂತೂ ಅಲ್ಲವೇ ಅಲ್ಲ. ಕೊಳ್ಳುವಾಗ ಐಎಸ್ 5983 ಅಥವಾ ಇಎನ್ 166 ಎಂಬ ಗುರುತು ಹುಡುಕಿ. ಕಿವಿಗೆ ಇಯರ್ ಪ್ಲಗ್. ಮೂಗಿಗೆ ಎಫ್‌ಎಫ್‌ಪಿ2 ಮಾಸ್ಕ್, ಕರ್ಚೀಫ್ ಕಟ್ಟಿದರೆ ಸಣ್ಣ ದೂಳು ನಿಲ್ಲುವುದಿಲ್ಲ. ಮೈಗೆ ಹತ್ತಿಯ ದಪ್ಪ ಬಟ್ಟೆ, ಪೂರ್ತಿ ತೋಳು, ಕಾಲಿಗೆ ಮುಚ್ಚಿದ ಶೂ. ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಲುಂಗಿ, ದುಪಟ್ಟಾ, ಸೆರಗು, ಹೆಗಲ ಮೇಲಿನ ಟವೆಲ್, ಕೈಗೆ ಕಟ್ಟಿದ ದಾರ, ಬಿಟ್ಟ ಕೂದಲು ಯಾವುದೂ ಮೆಷೀನಿನ ಹತ್ತಿರ ಬರಬಾರದು. ಕೈಗವಸು ಹಾಕುವುದಾದರೆ ಕೈಗೆ ಸರಿಯಾಗಿ ಕೂರುವ ಚರ್ಮದ್ದು ಹಾಕಿ. ದಾರದಲ್ಲಿ ಹೆಣೆದ ಸಡಿಲ ಗವಸಿನ ಎಳೆ ವೀಲಿಗೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ.

ಕೊನೆಯದಾಗಿ ವೈಸ್ (ಪೈಪನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ) ಅಥವಾ ಎರಡು ಸಿ ಕ್ಲ್ಯಾಂಪ್, ಟೇಪು, ಮೂಲೆಮಟ್ಟ, ಬಳಪ, ಅರ, ಒಂದು ಬಕೆಟ್ ಮರಳು, ಇನ್ನೊಂದು ಬಕೆಟ್ ನೀರು.

ಹಂತ 1: ಜಾಗ

ಹೊರಗಡೆ, ಗಾಳಿಯಾಡುವ ಕಡೆ ಕೆಲಸ ಮಾಡಿ. ಕಿಡಿ ಹಲವು ಅಡಿ ದೂರ ಹಾರುತ್ತದೆ. ಪೇಂಟು, ಥಿನ್ನರ್, ಪೆಟ್ರೋಲ್, ಗ್ಯಾಸ್ ಸಿಲಿಂಡರ್ ದೂರ ಸಾಗಿಸಿ. ಹಳ್ಳಿಯ ಶೆಡ್ಡುಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಒಣಹುಲ್ಲು, ತೆಂಗಿನ ನಾರು, ಅಡಿಕೆ ಸಿಪ್ಪೆ, ಗೋಣಿಚೀಲ. ಇವು ಭಗ್ಗನೆ ಹತ್ತಿಕೊಳ್ಳುವುದಿಲ್ಲ. ಒಳಗೊಳಗೇ ಹೊಗೆಯಾಡಿ, ನೀವು ಊಟಕ್ಕೆ ಹೋದ ಮೇಲೆ ಉರಿಯುತ್ತವೆ.

ಕಿಡಿ ಅಂದರೆ ಕಾದ ಕಬ್ಬಿಣದ ಪುಡಿ. ಅದು ಕಿಟಕಿಯ ಗಾಜಿಗೆ, ಕಾರಿನ ಪೇಂಟಿಗೆ, ನೆಲದ ಟೈಲ್ಸಿಗೆ ತಗುಲಿ ಕಚ್ಚಿಕೊಳ್ಳುತ್ತದೆ. ಮೊದಲ ಮಳೆ ಬಿದ್ದಾಗ ಅಲ್ಲೆಲ್ಲ ತುಕ್ಕಿನ ಚುಕ್ಕೆ ಏಳುತ್ತದೆ, ಒರೆಸಿದರೆ ಹೋಗುವುದಿಲ್ಲ. ಗಾಡಿಯನ್ನು ಬೇರೆ ಕಡೆ ನಿಲ್ಲಿಸಿ.

ಎಕ್ಸ್‌ಟೆನ್ಷನ್ ಬೋರ್ಡ್ ಬಳಸುವುದಾದರೆ 1.5 ಚದರ ಮಿ.ಮೀ. ತಂತಿಯದು ಇರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿ. ಸುತ್ತಿದ ಹಾಗೇ ಬಳಸಿದರೆ ತಂತಿ ಕಾಯುತ್ತದೆ. ಮನೆಯಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಇದೆಯಾ ನೋಡಿ. ವೈರ್ ಯಾವತ್ತೂ ನಿಮ್ಮ ಬೆನ್ನ ಹಿಂದೆ ಇರಲಿ.

ಹಂತ 2: ಅಳತೆ ಮತ್ತು ಗೆರೆ

ಚೌಕ ಪೈಪು ಸಾಮಾನ್ಯವಾಗಿ 20 ಅಡಿ ಉದ್ದದ ಲೆಂತ್ ಆಗಿ ಸಿಗುತ್ತದೆ. ಅಂಗಡಿಯಲ್ಲೇ ಸುಮ್ನೆ ಅರ್ಧಕ್ಕೆ ಕಡಿಸಿ ತರಬೇಡಿ. ಮೊದಲು ಮನೆಯಲ್ಲಿ ಕಾಗದದ ಮೇಲೆ ತುಂಡುಗಳ ಪಟ್ಟಿ ಮಾಡಿ, ಉದ್ದದ ತುಂಡು ಮೊದಲು ಬರುವಂತೆ ಹೊಂದಿಸಿ. ಕುಂಡದ ಸ್ಟ್ಯಾಂಡಿಗೆ 450 ಮಿ.ಮೀ.ನ 4 ಕಾಲು, 300 ಮಿ.ಮೀ.ನ 8 ಅಡ್ಡ ತುಂಡು ಬೇಕು ಅಂದುಕೊಳ್ಳಿ. ಒಟ್ಟು 4,200 ಮಿ.ಮೀ. ಪ್ರತಿ ಕಡಿತದಲ್ಲಿ ವೀಲ್ ತಿನ್ನುವ 1ರಿಂದ 1.5 ಮಿ.ಮೀ. ಬೇರೆ. ಅದಕ್ಕೆ ಎಲ್ಲ ತುಂಡನ್ನೂ ಒಟ್ಟಿಗೆ ಗುರುತು ಹಾಕಬೇಡಿ. ಒಂದು ಅಳೆದು, ಕತ್ತರಿಸಿ, ಆ ಹೊಸ ತುದಿಯಿಂದ ಮುಂದಿನದನ್ನು ಅಳೆಯಿರಿ.

ಗೆರೆ ಪೈಪಿನ ನಾಲ್ಕೂ ಮುಖದ ಮೇಲೆ ಬರಬೇಕು. ಮೂಲೆಮಟ್ಟವನ್ನು ಒಂದು ಮುಖದಿಂದ ಇನ್ನೊಂದಕ್ಕೆ ತಿರುಗಿಸುತ್ತಾ ಹೋಗಿ. ನಾಲ್ಕನೇ ಗೆರೆ ಮೊದಲನೆಯದಕ್ಕೆ ಸರಿಯಾಗಿ ಕೂಡಿದರೆ ಮಟ್ಟ ಸರಿಯಿದೆ. ವೆಲ್ಡರುಗಳು ಬಳಪದ ಕಲ್ಲಿನಲ್ಲೇ ಗುರುತು ಹಾಕುವುದು ಸುಮ್ಮನಲ್ಲ. ಕಬ್ಬಿಣ ಕಾದರೂ ಆ ಗೆರೆ ಉಳಿಯುತ್ತದೆ, ಮಾರ್ಕರ್ ಪೆನ್ನಿನ ಗೆರೆ ಸುಟ್ಟುಹೋಗುತ್ತದೆ.

ಹಂತ 3: ಬಿಗಿಯುವುದು

ಈ ಹಂತವನ್ನು ಎರಡು ಸಲ ಓದಿ. ಮೆಷೀನು ಒದೆಯುವುದು, ವೀಲ್ ಒಡೆಯುವುದು ಎರಡೂ ಹೆಚ್ಚಾಗಿ ಇಲ್ಲಿಂದಲೇ ಶುರು.

ಪೈಪಿನ ಎರಡೂ ತುದಿಗೆ ಇಟ್ಟಿಗೆ ಕೊಟ್ಟು ನಡುವೆ ಕತ್ತರಿಸುವುದನ್ನು ನೋಡಿರುತ್ತೀರಿ, ಅಲ್ವಾ? ಕಡಿತ ಆಳಕ್ಕೆ ಹೋದಂತೆ ಪೈಪು ನಡುವಿನಲ್ಲಿ ಕೆಳಕ್ಕೆ ಬಾಗುತ್ತದೆ. ಆಗ ಸೀಳಿನ ಮೇಲಿನ ಬಾಯಿ ಮುಚ್ಚಿಕೊಂಡು, ಎರಡು ಅಂಚು ಇಕ್ಕಳದ ಹಾಗೆ ವೀಲನ್ನು ಹಿಡಿದುಬಿಡುತ್ತವೆ. ತಿರುಗುತ್ತಿರುವ ವೀಲ್ ನಿಲ್ಲಲಾರದು, ಹಾಗಾಗಿ ಇಡೀ ಮೆಷೀನೇ ಜಿಗಿಯುತ್ತದೆ. ಕಿಕ್‌ಬ್ಯಾಕ್ ಅನ್ನುವುದು ಇದನ್ನೇ. ಇಲ್ಲವೇ 1 ಮಿ.ಮೀ. ವೀಲ್ ಪುಡಿಯಾಗುತ್ತದೆ.

ಸರಿಯಾದ ಕ್ರಮ ಹೀಗೆ. ಉಳಿಯಬೇಕಾದ ಭಾಗವನ್ನು ವೈಸಿನಲ್ಲಿ ಅಥವಾ ಬೆಂಚಿಗೆ ಎರಡು ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಕತ್ತರಿಸಿ ಬೀಳುವ ಭಾಗ ಬೆಂಚಿನ ಹೊರಗೆ ಗಾಳಿಯಲ್ಲಿ ನೇತಾಡಲಿ. ಗೆರೆ ವೈಸಿನ ದವಡೆಯಿಂದ ಎರಡು ಇಂಚಿನೊಳಗೆ ಇರಲಿ, ದೂರವಾದಷ್ಟೂ ಪೈಪು ಅದುರುತ್ತದೆ. ಹೀಗೆ ಇಟ್ಟರೆ ತುಂಡು ತನ್ನ ಭಾರಕ್ಕೇ ಸ್ವಲ್ಪ ಬಾಗಿ ಸೀಳು ಅಗಲವಾಗುತ್ತಾ ಹೋಗುತ್ತದೆ, ವೀಲ್ ಸಲೀಸಾಗಿ ಓಡುತ್ತದೆ.

ಬೀಳುವ ಭಾಗ ಮೂರು ನಾಲ್ಕು ಅಡಿ ಉದ್ದವಿದ್ದರೆ ಅದರ ದೂರದ ತುದಿಗೆ ಒಂದು ಆಸರೆ ಕೊಡಿ. ಆದರೆ ಆ ಆಸರೆ ಪೈಪಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ತಗ್ಗಿರಲಿ. ಎತ್ತರವಾದರೆ ಮತ್ತೆ ಸೀಳು ಮುಚ್ಚುತ್ತದೆ. ಸಹಾಯಕ್ಕೆ ಬಂದವರಿಗೆ ತುದಿ ಹಿಡಿದುಕೊಳ್ಳಿ ಎಂದು ಹೇಳಬೇಡಿ. ಅವರು ಒಳ್ಳೆಯ ಮನಸ್ಸಿನಿಂದ ಮೇಲಕ್ಕೆತ್ತುತ್ತಾರೆ, ವೀಲ್ ಸಿಕ್ಕಿಕೊಳ್ಳುತ್ತದೆ. ಕಾಲಲ್ಲಿ ಮೆಟ್ಟಿಕೊಂಡು ಕತ್ತರಿಸುವ ಅಭ್ಯಾಸವನ್ನು ಎಷ್ಟೇ ಪಳಗಿದವರಲ್ಲಿ ಕಂಡರೂ ನೀವು ಕಲಿಯಬೇಡಿ.

ಹಂತ 4: ವೀಲ್ ಹಾಕುವುದು

ಪ್ಲಗ್ ಕಿತ್ತು ಶುರುಮಾಡಿ. ಮೆಷೀನಿನ ತಲೆಯ ಮೇಲಿರುವ ಸ್ಪಿಂಡಲ್ ಲಾಕ್, ಅಂದರೆ ವೀಲ್ ಕೂರುವ ದಂಡ ತಿರುಗದಂತೆ ಹಿಡಿಯುವ ಗುಂಡಿ ಒತ್ತಿ, ಮೆಷೀನಿನ ಜೊತೆ ಬಂದ ಎರಡು ಮೊನೆಯ ಸ್ಪಾನರಿನಿಂದ ನಟ್ಟು ಬಿಚ್ಚಿ. ಒಳಗಿನ ಫ್ಲ್ಯಾಂಜ್, ಅಂದರೆ ವೀಲ್ ಒರಗುವ ಲೋಹದ ಬಿಲ್ಲೆ, ಸ್ವಚ್ಛವಾಗಿರಲಿ. ವೀಲಿನ ತೂತು ಅದರ ದಂಡೆಯ ಮೇಲೆ ಅಲುಗದೆ ಕೂರಬೇಕು. ನಟ್ಟಿನ ಒಂದು ಬದಿ ಉಬ್ಬಿರುತ್ತದೆ, ಇನ್ನೊಂದು ಸಪಾಟಾಗಿರುತ್ತದೆ. ತೆಳು ಕಟಿಂಗ್ ವೀಲಿಗೆ ಸಪಾಟು ಬದಿ ವೀಲಿನ ಕಡೆ ಬರಬೇಕು. ಉಬ್ಬನ್ನು ಒಳಗೆ ಹಾಕಿದರೆ ನಟ್ಟು ಬಿಗಿಯಾದಂತೆ ಕಂಡರೂ ವೀಲ್ ಲೊಡಲೊಡ ಅನ್ನುತ್ತದೆ. ಕೈಯಲ್ಲಿ ಬಿಗಿದು, ಸ್ಪಾನರಿನಲ್ಲಿ ಸ್ವಲ್ಪ ತಿರುಗಿಸಿದರೆ ಸಾಕು. ತಿರುಗುವಾಗ ಅದು ತಾನೇ ಬಿಗಿಯಾಗುತ್ತದೆ.

ಗಾರ್ಡನ್ನು, ಅಂದರೆ ವೀಲಿನ ಅರ್ಧಭಾಗ ಮುಚ್ಚುವ ತಗಡನ್ನು, ನಿಮ್ಮ ಮತ್ತು ವೀಲಿನ ನಡುವೆ ಬರುವಂತೆ ತಿರುಗಿಸಿ ಭದ್ರಮಾಡಿ. ಪಕ್ಕದ ಹಿಡಿಯನ್ನೂ ಹಾಕಿ.

ಎರಡು ಕೆಟ್ಟ ಪದ್ಧತಿ ಎಲ್ಲೆಡೆ ಕಾಣುತ್ತವೆ. ಒಂದು, ಗಾರ್ಡ್ ಬಿಚ್ಚಿ 4 ಇಂಚಿನ ಮೆಷೀನಿಗೆ 5 ಇಂಚಿನ ವೀಲ್ ಹಾಕುವುದು. ಅದರ ತೂತು 22 ಮಿ.ಮೀ., ನಿಮ್ಮದು 16. ಅದು ನಡುಮಧ್ಯಕ್ಕೆ ಕೂರುವುದೇ ಇಲ್ಲ. ಇನ್ನೊಂದು, ಮರ ಕತ್ತರಿಸುವ ಹಲ್ಲಿನ ಬ್ಲೇಡ್ ಹಾಕುವುದು. ಹಲ್ಲು ಕಚ್ಚಿಕೊಂಡರೆ ಯಾರ ಕೈಗೂ ಆ ಮೆಷೀನನ್ನು ತಡೆಯಲು ಆಗುವುದಿಲ್ಲ. ಕೈ, ತೊಡೆ, ಕತ್ತಿಗೆ ಇದರಿಂದ ತೀರಾ ಕೆಟ್ಟ ಗಾಯಗಳಾಗುತ್ತವೆ. ಅಂಗಡಿಯವರು ಕೊಟ್ಟರೂ ತರಬೇಡಿ.

ಹೊಸ ವೀಲ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಅರ್ಧ ನಿಮಿಷ ಖಾಲಿ ಓಡಿಸಿ. ಅದುರಿದರೆ ನಿಲ್ಲಿಸಿ, ಬಿಚ್ಚಿ ನೋಡಿ.

ಹಂತ 5: ಕತ್ತರಿಸುವುದು

ಎರಡೂ ಕೈಯಲ್ಲಿ ಹಿಡಿಯಿರಿ. ವೀಲ್ ತಿರುಗುವ ರೇಖೆಯಲ್ಲಿ ನಿಮ್ಮ ಮುಖ, ಕತ್ತು, ಎದೆ ಇರಬಾರದು. ಆ ರೇಖೆಗೆ ಒಂದು ಪಕ್ಕಕ್ಕೆ ನಿಲ್ಲಿ. ವೀಲ್ ಸಿಕ್ಕಿಕೊಂಡರೆ ಮೆಷೀನು ಒದೆಯುವುದು ಕಿಡಿ ಹಾರುವ ದಿಕ್ಕಿಗೆ ನೇರ ವಿರುದ್ಧವಾಗಿ. ಕಿಡಿ ನಿಮ್ಮಿಂದ ದೂರ ಹೋಗುತ್ತಿದೆ ಅಂದರೆ ಮೆಷೀನು ಒದ್ದರೆ ನಿಮ್ಮ ಕಡೆಗೇ ಬರುತ್ತದೆ. ಹಾಗಾಗಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮೊದಲೇ ನಿರ್ಧರಿಸಿ.

ಮೆಷೀನು ಪೂರ್ತಿ ವೇಗಕ್ಕೆ ಬಂದ ಮೇಲೆ ವೀಲನ್ನು ಗೆರೆಗೆ ಮೆಲ್ಲನೆ ತಾಗಿಸಿ. ಗೆರೆಯ ಮೇಲಲ್ಲ, ಬೀಳುವ ತುಂಡಿನ ಕಡೆಗೆ, ಗೆರೆ ಉಳಿಯುವ ಹಾಗೆ. ಮೊದಲು ಅರ್ಧ ಮಿ.ಮೀ. ಆಳದ ಗೀರು ಮಾಡಿಕೊಳ್ಳಿ. ಆಮೇಲೆ ಅದೇ ಗೀರಿನಲ್ಲಿ ಮೆಷೀನನ್ನು ಕಿಡಿ ಹಾರುವ ದಿಕ್ಕಿಗೇ ಸರಿಸುತ್ತಾ ಹೋಗಿ. ಆಗ ಮೆಷೀನು ನಿಮ್ಮ ಕೈಗೆ ಸ್ವಲ್ಪ ಎದುರು ನಿಲ್ಲುತ್ತದೆ, ಹಿಡಿತ ನಿಮ್ಮದೇ ಇರುತ್ತದೆ. ಉಲ್ಟಾ ದಿಕ್ಕಿಗೆ ಸರಿಸಿದರೆ ವೀಲ್ ಪೈಪಿನ ಮೇಲೆ ಹತ್ತಿ ಓಡಲು ನೋಡುತ್ತದೆ.

ಒತ್ತಬೇಡಿ. ಕತ್ತರಿಸುವುದು ವೀಲಿನ ವೇಗ, ನಿಮ್ಮ ತೋಳಿನ ಬಲ ಅಲ್ಲ. ಮೆಷೀನಿನ ಸದ್ದು ಕೇಳುತ್ತಿರಿ. ಸದ್ದು ತಗ್ಗಿ ಗೊರಗುಟ್ಟಿದರೆ ಒತ್ತಡ ಜಾಸ್ತಿಯಾಗಿದೆ ಎಂದು ಅರ್ಥ. ಮೆಷೀನನ್ನು ಅಲ್ಲೇ ಓರೆ ಮಾಡಿ ಗೆರೆ ತಿದ್ದಲು ಹೋಗಬೇಡಿ, ತೆಳು ವೀಲ್ ಪಕ್ಕದ ಒತ್ತಡವನ್ನು ಒಂದಿಷ್ಟೂ ತಡೆಯುವುದಿಲ್ಲ. ಕಡಿತ ಸೊಟ್ಟ ಹೋದರೆ ಹೊರತೆಗೆದು, ಇನ್ನೊಂದು ಮುಖದಿಂದ ಶುರುಮಾಡಿ.

ಚೌಕ ಪೈಪನ್ನು ಮೇಲಿಂದ ಕೆಳಗೆ ಒಂದೇ ಸಲಕ್ಕೆ ಸೀಳಬೇಡಿ. ಒಂದು ಮುಖ ಕತ್ತರಿಸಿ, ನಿಲ್ಲಿಸಿ, ಪೈಪು ತಿರುಗಿಸಿ ಬಿಗಿದು ಮುಂದಿನ ಮುಖ. ನಿಧಾನ ಅನ್ನಿಸಬಹುದು. ಆದರೆ ವೀಲ್ ಯಾವಾಗಲೂ ತೆಳುವಾದ ಗೋಡೆಯನ್ನಷ್ಟೇ ಕಡಿಯುತ್ತದೆ, ತುದಿ ಮಟ್ಟವಾಗಿ ಬರುತ್ತದೆ. ಆಂಗಲ್ ಆದರೆ ಮೂಲೆ ಮೇಲಾಗಿ, ಗುಡಿಸಲ ಸೂರಿನ ಹಾಗೆ ಕವುಚಿ ಇಡಿ. ಎರಡೂ ರೆಕ್ಕೆಯನ್ನು ಒಂದೊಂದಾಗಿ ಕತ್ತರಿಸಿ. ದಪ್ಪ ಪಟ್ಟಿ, ಸರಳುಗಳನ್ನು ಹಿಂದೆ ಮುಂದೆ ಹಲವು ಓಟದಲ್ಲಿ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ.

ಕೊನೆಯ ಒಂದೆರಡು ಮಿ.ಮೀ. ಬಂದಾಗ ಕೈ ಇನ್ನೂ ಹಗುರ ಮಾಡಿ. ತುಂಡು ಬಿದ್ದಾಗ ವೀಲ್ ಸರ್ರನೆ ಕೆಳಗಿಳಿಯುತ್ತದೆ. ಬೀಳುವ ತುಂಡನ್ನು ಕೈಯಲ್ಲಿ ಹಿಡಿಯಲು ಹೋಗಬೇಡಿ. ಸ್ವಿಚ್ ಆಫ್ ಆದ ಮೇಲೂ ವೀಲ್ ಹಲವು ಸೆಕೆಂಡ್ ತಿರುಗುತ್ತಿರುತ್ತದೆ. ಪೂರ್ತಿ ನಿಂತ ಮೇಲೆ ಕೆಳಗಿಡಿ.

ವೀಲ್ ಸವೆದು ಚಿಕ್ಕದಾದಂತೆ ಅದರ ಅಂಚಿನ ವೇಗ ಇಳಿಯುತ್ತದೆ. ವ್ಯಾಸ 100ರಿಂದ 60 ಮಿ.ಮೀ.ಗೆ ಬಂದರೆ ವೇಗ ಶೇ 40ರಷ್ಟು ಕಡಿಮೆ. ಆಗ ಕಡಿತ ನಿಧಾನವಾಗಿ, ನಿಮಗೆ ಗೊತ್ತಿಲ್ಲದೇ ಒತ್ತಲು ಶುರುಮಾಡುತ್ತೀರಿ. ಆ ಹೊತ್ತಿಗೆ ವೀಲ್ ಬದಲಾಯಿಸಿ.

ಹಂತ 6: ಅಂಚು ನುಣುಪು ಮಾಡುವುದು

ಕತ್ತರಿಸಿದ ತುದಿಯಲ್ಲಿ ಬ್ಲೇಡಿನಂಥ ಸಿಬಿರು ಎದ್ದಿರುತ್ತದೆ. ಅರದಿಂದ ತೆಗೆಯಿರಿ. ತುಂಡು ಜಾಸ್ತಿ ಇದ್ದರೆ ಫ್ಲ್ಯಾಪ್ ಡಿಸ್ಕ್ ಹಾಕಿ. ಅಂದರೆ ಉಪ್ಪುಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದ ಬಿಲ್ಲೆ, 60 ಅಥವಾ 80 ನಂಬರಿನದು. ಕಟಿಂಗ್ ವೀಲಿನ ಪಕ್ಕದಿಂದ ಉಜ್ಜುವುದು ಬಹಳ ಜನ ಮಾಡುವ ತಪ್ಪು. ಒಳಗಿನ ಬಲೆ ಸವೆದು, ಮುಂದಿನ ಕಡಿತದಲ್ಲಿ ವೀಲ್ ಒಡೆಯುತ್ತದೆ.

ಏನನ್ನು ಕತ್ತರಿಸಬಾರದು

ಹಳೇ ಪೆಟ್ರೋಲ್ ಟ್ಯಾಂಕ್, ಡೀಸೆಲ್ ಅಥವಾ ಎಣ್ಣೆಯ ಡ್ರಮ್, ಯಾವುದೇ ಬಗೆಯ ಸಿಲಿಂಡರ್. ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಒಂದು ಕಿಡಿಗೆ ಸಿಡಿಯುತ್ತದೆ. ತೊಳೆದಿದ್ದೇನೆ ಎಂಬ ಧೈರ್ಯವೂ ಬೇಡ. ಜಿಐ ಪೈಪಿನ ಸತುವಿನ ಲೇಪ, ಹಳೇ ಗೇಟಿನ ಪೇಂಟಿನಲ್ಲಿ ಇರಬಹುದಾದ ಸೀಸ, ಇವುಗಳ ಹೊಗೆ, ದೂಳು ಒಳ್ಳೆಯದಲ್ಲ. ಇವನ್ನು ಬಯಲಿನಲ್ಲಿ, ಮಾಸ್ಕ್ ಹಾಕಿ, ಮಕ್ಕಳಿಂದ ದೂರ ಕತ್ತರಿಸಿ.

ಕಣ್ಣಿಗೆ ಬಿದ್ದರೆ, ಸುಟ್ಟರೆ

ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದರೆ ಉಜ್ಜಬೇಡಿ. ಶುದ್ಧ ನೀರಿನಲ್ಲಿ ತೊಳೆಯಿರಿ. ಆಮೇಲೂ ಚುಚ್ಚುತ್ತಿದ್ದರೆ, ಮಂಜಾದರೆ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬಟ್ಟೆಯ ತುದಿಯಿಂದಲೋ ನಾಲಿಗೆಯಿಂದಲೋ ತೆಗೆದುಕೊಡುತ್ತೇನೆ ಎನ್ನುವವರಿಗೆ ಕಣ್ಣು ಕೊಡಬೇಡಿ. ಕಬ್ಬಿಣ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ ಮೇಲೆ ಕಚ್ಚಿಕೊಂಡರೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ, ತಡವಾದಷ್ಟೂ ತೆಗೆಯುವುದು ಕಷ್ಟ. ರಭಸದಿಂದ ಚೂರು ಬಡಿದಿದ್ದರೆ, ಗಾಯ ಕಂಡರೆ ತೊಳೆಯುವುದೂ ಬೇಡ. ಕಣ್ಣನ್ನು ಒತ್ತದ ಹಾಗೆ ಮುಚ್ಚಿಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ಮುಂದೆಂದಾದರೂ ಎಂಆರ್‌ಐ ಮಾಡಿಸಬೇಕಾಗಿ ಬಂದರೆ, ಕಣ್ಣಿಗೆ ಕಬ್ಬಿಣ ಬಿದ್ದಿತ್ತು ಎಂದು ಮೊದಲೇ ಹೇಳಿ.

ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ.

ಕೆಲಸ ಮುಗಿದ ಮೇಲೆ

ಪ್ಲಗ್ ಕೀಳಿ. ಮೆಷೀನಿನ ಗಾಳಿಕಿಂಡಿಯಲ್ಲಿ ಸೇರಿದ ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ. ನೆಲದ ಪುಡಿಯನ್ನು ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಎತ್ತಿದರೆ ಸುಲಭ, ಕವರ್ ಕಳಚಿದಾಗ ಎಲ್ಲವೂ ಉದುರುತ್ತದೆ. ಬರಿಗಾಲಲ್ಲಿ ಓಡಾಡುವ ಮನೆಗಳಲ್ಲಿ ಇದನ್ನು ಬಿಡಬೇಡಿ. ವೀಲುಗಳನ್ನು ಒಣ ಡಬ್ಬಿಯಲ್ಲಿ ಸಪಾಟಾಗಿ ಮಲಗಿಸಿ ಇಡಿ. ಕಿಡಿ ಹಾರಿದ ಕಡೆಯೆಲ್ಲ ಒಮ್ಮೆ ನೀರು ಚಿಮುಕಿಸಿ, ಅರ್ಧ ಗಂಟೆಯಾದರೂ ಆ ಜಾಗ ಬಿಟ್ಟು ಹೋಗಬೇಡಿ. ಹೊರಡುವ ಮೊದಲು ಮೂಲೆಯ ಗೋಣಿಚೀಲವನ್ನೂ ಎತ್ತಿ ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಅದನ್ನು ಹೊರಗೆ ತಂದು ನೀರಿನ ಬಕೆಟ್ಟಿಗೆ ಅದ್ದಿ.